ಚೀಟಿ ಹೋಗುತ್ತದೆ, ಉತ್ತರ ಬರುವುದಿಲ್ಲ

ಮಾನ್ಯರೇ,

ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು ಮತ್ತು ತಜ್ಞ ವೈದ್ಯರ ನಡುವಣ ಹೊಂದಾಣಿಕೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಪ್ರಕಟವಾದ ವೈದ್ಯರ ಅಭಿಪ್ರಾಯಗಳನ್ನು ಓದಿ, ಶಿರಸಿ ತಾಲೂಕಿನಿಂದ ತಾವು ಬರೆದ ಪತ್ರ ತಲುಪಿದೆ. ತಮ್ಮ ತಾಯಿಯವರು ಊರಿನ ಆರೋಗ್ಯ ಕೇಂದ್ರದಲ್ಲಿ ಕೊಟ್ಟ ರಕ್ತದೊತ್ತಡದ ಅಮ್ಲೋಡಿಪಿನ್ ಮಾತ್ರೆಯನ್ನು ತೆಗೆದುಕೊಳ್ಳುತ್ತಿದ್ದಾಗಲೇ ಹುಬ್ಬಳ್ಳಿಯ ತಜ್ಞರೊಬ್ಬರು ಅದೇ ಔಷಧವನ್ನು ಬೇರೆ ಕಂಪನಿಯ ಹೆಸರಿನಲ್ಲಿ ಬರೆದುಕೊಟ್ಟರೆಂದೂ, ಎರಡನ್ನೂ ನುಂಗಿದ ಅವರ ಪಾದಗಳು ಊದಿಕೊಂಡಾಗ ಮೂತ್ರಪಿಂಡದ ತೊಂದರೆಯಿರಬಹುದೆಂದು ಮತ್ತೊಬ್ಬ ತಜ್ಞರ ಬಳಿಗೆ ಅಲೆಯಬೇಕಾಯಿತೆಂದೂ, ಕೊನೆಗೆ “ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಬನ್ನಿ” ಎಂದ ಆರೋಗ್ಯ ಕೇಂದ್ರದ ವೈದ್ಯೆಯೇ, ಒಂದೇ ಔಷಧ ಎರಡು ಪಟ್ಟಾದದ್ದರಿಂದ ಪಾದಗಳು ಊದಿಕೊಂಡವೆಂಬುದನ್ನು ಪತ್ತೆಹಚ್ಚಿದರೆಂದೂ ಬರೆದಿದ್ದೀರಿ. ವೈದ್ಯರು ಒಬ್ಬರ ಮೇಲೊಬ್ಬರು ದೂರು ಹೇಳುತ್ತಿದ್ದಾರೆ, ಇದರ ಹೊಣೆ ಯಾರದು ಎಂಬುದು ತಮ್ಮ ಪ್ರಶ್ನೆ.

ದೂರುಗಳು ಎರಡೂ ಕಡೆ ನಿಜ. ತಾವು ಲಗತ್ತಿಸಿರುವ ರೆಫರಲ್ ಚೀಟಿಯನ್ನೇ ನೋಡಿ: ಹೆಸರು, ವಯಸ್ಸು, “ಹೆಚ್ಚಿನ ಚಿಕಿತ್ಸೆಗಾಗಿ ಕಳುಹಿಸಲಾಗಿದೆ” ಎಂಬ ಒಂದು ಸಾಲು, ಕೆಳಗೆ ಮೊಹರು. ಆವರೆಗೆ ಯಾವ ಮಾತ್ರೆ ಕೊಡಲಾಗಿತ್ತು, ರಕ್ತದೊತ್ತಡ ಎಷ್ಟಿತ್ತು, ಯಾವ ಸಂದೇಹದಿಂದ ಕಳುಹಿಸಲಾಯಿತು ಎಂಬುದು ಅದರಲ್ಲಿಲ್ಲ. ಇಂಥ ಚೀಟಿಯಿಂದ ಏನೂ ತಿಳಿಯದೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ ಎನ್ನುವ ತಜ್ಞರ ಮಾತನ್ನು ಅಲ್ಲಗಳೆಯಲಾಗದು. ಅತ್ತ ತಜ್ಞರ ಆಸ್ಪತ್ರೆಯಿಂದ ಬಂದ ಕಾಗದಗಳಲ್ಲಿ ಪ್ರಯೋಗಾಲಯದ ವರದಿಗಳೆಲ್ಲ ಇದ್ದರೂ ಕಳುಹಿಸಿದ ವೈದ್ಯೆಗೆಂದು ಬರೆದ ಒಂದು ಮಾತೂ ಇಲ್ಲ. “ಮತ್ತೆ ಇಲ್ಲಿಗೇ ತೋರಿಸಲು ಬನ್ನಿ” ಎಂಬಲ್ಲಿಗೆ ಆ ಕಾಗದಗಳು ಮುಗಿಯುತ್ತವೆ.

ಹೊಣೆ ಯಾರದೆಂಬುದನ್ನು ನಿಯಮವೇ ಹೇಳಿದೆ. ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ಹೊರಡಿಸಿದ ವೃತ್ತಿ ನಡವಳಿಕೆಯ ನಿಯಮಾವಳಿಯ 3.6ನೇ ನಿಯಮದಂತೆ, ರೋಗಿಯನ್ನು ತಜ್ಞರ ಬಳಿ ಕಳುಹಿಸುವ ವೈದ್ಯರು ಪ್ರಕರಣದ ಸಾರಾಂಶವನ್ನು ಕೊಡಬೇಕು, ತಜ್ಞರು ತಮ್ಮ ಅಭಿಪ್ರಾಯವನ್ನು ಕಳುಹಿಸಿದ ವೈದ್ಯರಿಗೆ ಬರಹದಲ್ಲಿ ತಿಳಿಸಬೇಕು. 2023ರ ಆಗಸ್ಟ್‌ನಲ್ಲಿ ಬಂದ ಹೊಸ ನಿಯಮಾವಳಿಯನ್ನು ಅದೇ ತಿಂಗಳು ತಡೆಹಿಡಿದು ಹಳೆಯದನ್ನೇ ಮುಂದುವರಿಸಲಾಯಿತು. ಹಾಗಾಗಿ ಮರುಪತ್ರ ಬರೆಯುವುದು ತಜ್ಞರ ಔದಾರ್ಯಕ್ಕೆ ಬಿಟ್ಟ ಸಂಗತಿಯಲ್ಲ, ಅದು ಅವರ ಕರ್ತವ್ಯ.

ವಿವರವಿಲ್ಲದ ಚೀಟಿ, ಬಾರದ ಮರುಪತ್ರ ಈ ಎರಡು ಲೋಪಗಳಲ್ಲಿ, ನನ್ನ ದೃಷ್ಟಿಯಲ್ಲಿ ಮರುಪತ್ರದ ಕೊರತೆಯೇ ಹೆಚ್ಚು ಹಾನಿಕರ. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಯಲುಸೀಮೆಯಲ್ಲಿ 30,000, ಗುಡ್ಡಗಾಡಿನಲ್ಲಿ 20,000 ಜನರೆಂಬುದು ಸರ್ಕಾರದ ಮಾನದಂಡ. ಅಷ್ಟು ಜನರ ನಡುವೆ ತಮ್ಮ ತಾಯಿಯವರನ್ನು ತಿಂಗಳು ತಿಂಗಳೂ ನೋಡುವವರು ಆ ವೈದ್ಯೆಯೇ. ತಜ್ಞರು ಏನು ಯೋಚಿಸಿ ಯಾವ ಔಷಧ ಕೊಟ್ಟರೆಂಬುದು ಅವರಿಗೆ ತಿಳಿಯದಿದ್ದರೆ ಅದರ ಪ್ರಮಾಣವನ್ನು ಬದಲಿಸುವ ಧೈರ್ಯ ಅವರಿಗೆ ಬರುವುದಿಲ್ಲ, ಅಷ್ಟು ಸಣ್ಣ ಬದಲಾವಣೆಗೂ ರೋಗಿ ಹುಬ್ಬಳ್ಳಿಯ ಬಸ್ಸು ಹತ್ತಬೇಕು. ಹೀಗೆ ಆಗುತ್ತ ಹೋದರೆ ಊರಿನ ವೈದ್ಯರು ಚೀಟಿ ಬರೆಯುವವರಾಗಿ ಮಾತ್ರ ಉಳಿಯುತ್ತಾರೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ, ತುರ್ತಲ್ಲದ ಹಲವು ಚಿಕಿತ್ಸೆಗಳಿಗೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕೆಂಬ ನಿಯಮ ಒಳ್ಳೆಯ ಉದ್ದೇಶದ್ದೇ. ಆದರೆ ರೋಗಿಯ ಬಗ್ಗೆ ವೈದ್ಯರಿಬ್ಬರೂ ಮಾತನಾಡದಿದ್ದಲ್ಲಿ ಅದೂ ಮೊಹರಿಗಾಗಿ ಸರದಿ ನಿಲ್ಲುವ ಕೆಲಸವಾಗುತ್ತದೆ.

ವೈದ್ಯರು ಹೀಗೆ ಪರಸ್ಪರ ಬರೆದು ತಿಳಿಸುವುದು ನಮ್ಮಲ್ಲಿ ಆಗದ ಕೆಲಸವೆಂದು ಕೆಲವು ವೈದ್ಯರು ಬರೆದಿರುವುದನ್ನು ನಾನು ಒಪ್ಪಲಾರೆ. ಗರ್ಭಿಣಿಯರ ಕೈಯಲ್ಲಿರುವ ತಾಯಿ ಕಾರ್ಡ್ ನಮ್ಮ ಕಣ್ಣೆದುರಿಗೇ ಇದೆ. ಉಪಕೇಂದ್ರದಲ್ಲಿ ಅಳೆದ ತೂಕ, ಆರೋಗ್ಯ ಕೇಂದ್ರದಲ್ಲಿ ನೋಡಿದ ಹಿಮೋಗ್ಲೋಬಿನ್, ತಾಲೂಕು ಆಸ್ಪತ್ರೆಯ ಪ್ರಸೂತಿ ತಜ್ಞರ ಸೂಚನೆ ಎಲ್ಲವೂ ಅದೊಂದರಲ್ಲೇ ದಾಖಲಾಗುತ್ತವೆ. ಹೆರಿಗೆಗೆ ಯಾವ ಆಸ್ಪತ್ರೆಗೆ ಹೋದರೂ ಮೊದಲು ಕೇಳುವುದು ಅದನ್ನೇ. ಹೃದಯಾಘಾತಕ್ಕೆ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ, ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ಹೃದ್ರೋಗ ತಜ್ಞರು ನೋಡಿ ಹೇಳಿದರೆ, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಕೊಟ್ಟು ಬಳಿಕ ರೋಗಿಯನ್ನು ಮುಂದೆ ಕಳುಹಿಸಲಾಗುತ್ತದೆ. ಗರ್ಭಿಣಿಗೂ ಹೃದಯಾಘಾತಕ್ಕೂ ಸಾಧ್ಯವಾದದ್ದು ವರ್ಷಾನುಗಟ್ಟಲೆ ಮಾತ್ರೆ ನುಂಗುವ ಸಕ್ಕರೆ ಕಾಯಿಲೆ, ರಕ್ತದೊತ್ತಡದ ರೋಗಿಗಳಿಗೆ ಏಕೆ ದಕ್ಕಬಾರದು? ಡಿಜಿಟಲ್ ಆರೋಗ್ಯ ಸಂಖ್ಯೆಯಾದ ಆಭಾದಿಂದ ಎಲ್ಲ ಸರಿಹೋಗುತ್ತದೆ ಎಂದವರೂ ಇದ್ದಾರೆ. ವರದಿಗಳು ಒಂದೆಡೆ ಸಿಗುವುದು ನಿಜಕ್ಕೂ ಉಪಕಾರವೇ, ಆದರೆ ಯಾರೂ ಬರೆಯದ ಅಭಿಪ್ರಾಯವನ್ನು ಯಾವ ಕಂಪ್ಯೂಟರೂ ತೋರಿಸಲಾರದು.

ತಮ್ಮ ತಾಯಿಯವರ ಮಟ್ಟಿಗೆ, ಮುಂದಿನ ಭೇಟಿಗೆ ಮುನ್ನ ಆರೋಗ್ಯ ಕೇಂದ್ರದ ವೈದ್ಯೆಯಿಂದ ಈಗಿನ ಮಾತ್ರೆಗಳ ಪಟ್ಟಿಯನ್ನು ಕಂಪನಿಯ ಹೆಸರಿನ ಬದಲು ಔಷಧದ ಮೂಲ ಹೆಸರಿನಲ್ಲಿ ಬರೆಸಿಕೊಳ್ಳಿ. ತಜ್ಞರ ಮುಂದೆ ಅದನ್ನಿಟ್ಟು, ಯಾವುದನ್ನು ಮುಂದುವರಿಸಬೇಕು, ಯಾವುದನ್ನು ಬಿಡಬೇಕು, ಯಾವ ಲಕ್ಷಣ ಕಂಡರೆ ಮತ್ತೆ ಬರಬೇಕು ಎಂಬುದನ್ನು ಆ ವೈದ್ಯೆಗೆ ಎರಡು ಸಾಲಿನಲ್ಲಿ ಬರೆದುಕೊಡುವಂತೆ ಕೇಳಿ. ಹಿಂದಿನ ದಾಖಲೆಗಳು ಬೇಕಿದ್ದರೆ ಚಿಕಿತ್ಸೆ ಕೊಟ್ಟ ವೈದ್ಯರಿಗೆ ಲಿಖಿತವಾಗಿ ಕೋರಿಕೆ ಸಲ್ಲಿಸಿ. ಕೇಳಿದ 72 ಗಂಟೆಗಳೊಳಗೆ ಕೊಡಬೇಕೆಂದು ಅದೇ 2002ರ ನಿಯಮಾವಳಿ ಹೇಳುತ್ತದೆ.

— ಸಂಪಾದಕರು