ಲೆಕ್ಕ ತಪ್ಪಿದ ಕೂಡಲೇ ಪುಸ್ತಕ ಮುಚ್ಚಿಡುವ ಮಗುವಿಗೆ ಏನು ಮಾಡಬೇಕು?

ನಾಲ್ಕನೇ ಕ್ಲಾಸಿನ ಮಗಳು ಭಾಗಾಕಾರ ಒಮ್ಮೆ ತಪ್ಪಿದರೆ ಸಾಕು, "ನಂಗೆ ಬರಲ್ಲ" ಅಂತ ಕೂತುಬಿಡುತ್ತಾಳೆ ಎಂದಿದ್ದೀರಿ.

ಮೊದಲು ನೀವು ಹೊಗಳುವ ರೀತಿ ನೋಡಿಕೊಳ್ಳಿ. ಅಮೆರಿಕದ ಮನೋವಿಜ್ಞಾನಿಗಳಾದ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರೊಲ್ ಡ್ವೆಕ್ 1998ರಲ್ಲಿ ಐದನೇ ತರಗತಿ ಮಕ್ಕಳ ಮೇಲಿನ ಪ್ರಯೋಗಗಳನ್ನು ಪ್ರಕಟಿಸಿದರು. ಒಗಟು ಬಿಡಿಸಿದ ಕೆಲವರಿಗೆ "ಜಾಣ" ಎಂದರು, ಕೆಲವರಿಗೆ "ಚೆನ್ನಾಗಿ ಕಷ್ಟಪಟ್ಟೆ" ಎಂದರು. ಆಮೇಲೆ ಬೇಕೆಂದೇ ಕಠಿಣ ಒಗಟು ಕೊಟ್ಟು ಎಲ್ಲರನ್ನೂ ಎಡವಿಸಿದರು. ಮತ್ತೆ ಮೊದಲಿನಷ್ಟೇ ಸುಲಭದ್ದು ಕೊಟ್ಟರೂ "ಜಾಣ"ರ ಅಂಕ ಇಳಿಯಿತು, ಕಷ್ಟಪಟ್ಟವರದು ಏರಿತು.

ಹಾಗಂತ ಬರೀ "ಪ್ರಯತ್ನ ಮಾಡು ಪುಟ್ಟಿ" ಎಂದರೆ ಸಾಲದು. ನನ್ನ ಪ್ರಕಾರ ಎಷ್ಟೋ ಸಲ ಕೊರತೆ ಛಲದ್ದಲ್ಲ, ಮಗ್ಗಿಯದು. 84ನ್ನು 7ರಿಂದ ಭಾಗಿಸುವಾಗ ಏಳರ ಮಗ್ಗಿಯಲ್ಲೇ ತಡವರಿಸಿದರೆ ಯಾವ ಹುರುಪು ತಾನೇ ಉಳಿದೀತು? ಎಲ್ಲಿ ಸಿಕ್ಕಿಕೊಂಡೆ ಎಂದು ಅವಳ ಬಾಯಿಂದಲೇ ಹೇಳಿಸಿ. ಆ ಒಂದು ಹೆಜ್ಜೆ ಮಾತ್ರ ತೋರಿಸಿ, ಉಳಿದದ್ದು ಅವಳೇ ಮುಗಿಸಲಿ. ರಬ್ಬರ್ ಎತ್ತಿಡಿ (ಇದಕ್ಕೆ ದೊಡ್ಡ ಜಗಳವೇ ಆಗಬಹುದು!), ತಪ್ಪಿದ್ದು ಹಾಗೇ ಇರಲಿ, ಪಕ್ಕದಲ್ಲೇ ಸರಿ ಉತ್ತರ ಬರೆಯಲಿ. ಪಕ್ಕದ ಮನೆ ಹುಡುಗಿಯ ಮಾರ್ಕ್ಸ್ ಮಾತು ಮಾತ್ರ ಎತ್ತಬೇಡಿ.