ಸೀಲ್ ಬಿಚ್ಚದ ವಿಡಿಯೋ ಗೇಮ್: ಮಳೆಗಾಲದಲ್ಲಿ ಕಾಪಾಡುವುದು ಹೇಗೆ, ನಕಲಿ ಹೊದಿಕೆ ಗುರುತಿಸುವುದು ಹೇಗೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಹವ್ಯಾಸದ ಬಗ್ಗೆ ಇವೆ. ಕಾರ್ಖಾನೆಯಲ್ಲಿ ಹಾಕಿದ ಪ್ಲಾಸ್ಟಿಕ್ ಹೊದಿಕೆಯನ್ನು ಬಿಚ್ಚದೆ ವಿಡಿಯೋ ಗೇಮ್‌ಗಳನ್ನು ಕೂಡಿಡುವ ಹವ್ಯಾಸ ಅದು. ಡೊಂಬಿವ್ಲಿ, ಮಾತುಂಗಾ, ಪುಣೆ, ವಾಸ್ಕೋ, ಎಲ್ಲ ಕಡೆಯಿಂದಲೂ ಕನ್ನಡದ ಓದುಗರು ಬರೆದಿದ್ದಾರೆ. ಐದು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನನ್ನ ಹತ್ತಿರ ಸೀಲ್ ಬಿಚ್ಚದ ಪಿಎಸ್2, ಪಿಎಸ್3 (ಪ್ಲೇಸ್ಟೇಷನ್) ಗೇಮ್‌ಗಳಿವೆ. ರಟ್ಟಿನ ಪೆಟ್ಟಿಗೆಯ ಸ್ಪೆಷಲ್ ಎಡಿಷನ್‌ಗಳೂ ಒಂದಷ್ಟಿವೆ. ಎಲ್ಲವನ್ನೂ ಮಲಗುವ ಕೋಣೆಯ ಕಬ್ಬಿಣದ ಕಪಾಟಿನಲ್ಲಿ ಇಟ್ಟಿದ್ದೇನೆ. ಮಳೆಗಾಲ ಮುಗಿದ ಮೇಲೆ ನೋಡಿದರೆ ಎರಡು ಪೆಟ್ಟಿಗೆ ಬಾಗಿವೆ. ಒಂದರಲ್ಲಿ ಪ್ಲಾಸ್ಟಿಕ್ ಒಳಗೇ ಬಿಳಿ ಚುಕ್ಕೆ ಕಾಣುತ್ತಿದೆ. ಬಿಚ್ಚಿ ಒರೆಸಲೇ? (ಡೊಂಬಿವ್ಲಿ)

ಉತ್ತರ: ಸದ್ಯಕ್ಕೆ ಬಿಚ್ಚಬೇಡಿ. ಮೊದಲು ಆ ಪೆಟ್ಟಿಗೆಯನ್ನು ಉಳಿದವುಗಳಿಂದ ದೂರ ಇಡಿ. ಬಿಳಿ ಚುಕ್ಕೆ ಬಹುಶಃ ಬೂಷ್ಟು. ಗಾಳಿಯಾಡದ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಅದನ್ನಿಟ್ಟು ಕೆಲವು ವಾರ ಗಮನಿಸಿ. ತೇವ ಹೋದರೆ ಬೂಷ್ಟು ಬೆಳೆಯುವುದು ನಿಲ್ಲುತ್ತದೆ. ಕಲೆ ಮಾತ್ರ ಉಳಿಯುತ್ತದೆ. ಒಣಗಿದ ಜಾಗದಲ್ಲೂ ಚುಕ್ಕೆ ಹರಡುತ್ತಾ ಹೋದರೆ ಆಗ ಬಿಚ್ಚುವುದೇ ಸರಿ. ಸೀಲ್ ಉಳಿಸಲು ಹೋಗಿ ಪೆಟ್ಟಿಗೆ, ಕೈಪಿಡಿ ಎರಡನ್ನೂ ಕಳೆದುಕೊಳ್ಳುವುದರಲ್ಲಿ ಅರ್ಥವಿಲ್ಲ.

ಸೀಲ್ ಇದ್ದರೆ ಒಳಗೆ ಗಾಳಿಯೇ ಹೋಗುವುದಿಲ್ಲ ಅಂತ ತುಂಬ ಜನ ನಂಬಿದ್ದಾರೆ. ಹಾಗಿಲ್ಲ. ಹೊದಿಕೆಯ ಮಡಿಕೆಗಳಿಂದ, ಬೆಸುಗೆಯ ಸಂದುಗಳಿಂದ ತೇವ ನಿಧಾನವಾಗಿ ಒಳಗೆ ಸೇರುತ್ತದೆ. ಹೊರಗೆ ಮಳೆ ನಿಂತ ಮೇಲೂ ಒಳಗಿನ ರಟ್ಟು ಬೇಗ ಒಣಗುವುದಿಲ್ಲ. ಗಾಳಿಯಲ್ಲಿ ತೇವಾಂಶ ಶೇಕಡಾ 65–70 ದಾಟಿ ಹಾಗೇ ನಿಂತರೆ ಕಾಗದದ ಮೇಲೆ ಬೂಷ್ಟು ಬರುತ್ತದೆ. ಜುಲೈನಲ್ಲಿ ಮುಂಬೈಯ ಗಾಳಿ ಶೇಕಡಾ 80ರ ಮೇಲೇ ಇರುತ್ತದೆ. ಗೋವಾದಲ್ಲೂ ಅಷ್ಟೇ. ಪುಣೆಯಲ್ಲಿ ಮಳೆ ಕಡಿಮೆ, ಆದರೆ ಜುಲೈ-ಆಗಸ್ಟ್‌ನಲ್ಲಿ ಅಲ್ಲಿಯವರೂ ಆರಾಮಾಗಿ ಇರುವ ಹಾಗಿಲ್ಲ.

ಪೆಟ್ಟಿಗೆ ಬಾಗಿದ್ದಕ್ಕೆ ಇನ್ನೊಂದು ಕಾರಣವೂ ಇರಬಹುದು. ಶ್ರಿಂಕ್ ವ್ರ್ಯಾಪ್ ಅನ್ನುವುದು ಬಿಸಿ ತಾಗಿದರೆ ಕುಗ್ಗುವ ಪ್ಲಾಸ್ಟಿಕ್. ಕಾರ್ಖಾನೆಯಲ್ಲಿ ಕುಗ್ಗಿದ ಮೇಲೂ ಅದರಲ್ಲಿ ಬಿಗಿತ ಉಳಿದಿರುತ್ತದೆ. ವರ್ಷಗಟ್ಟಲೆ ಸೆಕೆಯಲ್ಲಿ ಇಟ್ಟರೆ ಇನ್ನಷ್ಟು ಬಿಗಿಯಾಗುತ್ತದೆ. ಅತ್ತ ತೇವದಿಂದ ರಟ್ಟು ಮೆತ್ತಗಾಗಿರುತ್ತದೆ. ಎರಡೂ ಸೇರಿದಾಗ ಮೂಲೆ ಒಳಕ್ಕೆ ಎಳೆದುಕೊಳ್ಳುತ್ತದೆ. ಟೆರೇಸಿನ ಕೆಳಗಿನ ಅಟ್ಟದಲ್ಲಿ ಗೇಮ್ ಇಡಬೇಡಿ ಅನ್ನುವುದು ಇದಕ್ಕೇ. ಸಡಿಲವಾದ ಹೊದಿಕೆಯನ್ನು ಬಿಗಿ ಮಾಡಲು ಹೇರ್ ಡ್ರೈಯರ್ ಹಿಡಿಯುವವರೂ ಇದ್ದಾರೆ. ದಯವಿಟ್ಟು ಬೇಡ.

ನನ್ನ ಸಲಹೆ ಕೇಳಿದರೆ, ಛಾಯಾಗ್ರಾಹಕರು ಕ್ಯಾಮೆರಾ, ಲೆನ್ಸ್ ಇಡಲು ಬಳಸುವ ಡ್ರೈ ಕ್ಯಾಬಿನೆಟ್ ಒಂದನ್ನು ಕೊಳ್ಳಿ. ವಿದ್ಯುತ್ತಿನಿಂದ ನಡೆಯುತ್ತದೆ, ತೇವಾಂಶವನ್ನು ನಾವು ಹೇಳಿದ ಮಟ್ಟದಲ್ಲಿ ಹಿಡಿದಿಡುತ್ತದೆ. ಶೇಕಡಾ 45–50ಕ್ಕೆ ಇಟ್ಟರೆ ಸಾಕು. ತೀರಾ ಕೆಳಗಿಳಿಸಿದರೆ ರಟ್ಟು ಗಡುಸಾಗಿ ಬಿರಿಯುತ್ತದೆ. ಅಷ್ಟು ಖರ್ಚು ಬೇಡ ಅಂದರೆ ರಬ್ಬರ್ ಅಂಚಿನ ಮುಚ್ಚಳವಿರುವ ಡಬ್ಬಿ, ಬಣ್ಣ ಬದಲಿಸುವ ಸಿಲಿಕಾ ಜೆಲ್, ಜೊತೆಗೊಂದು ಸಣ್ಣ ಡಿಜಿಟಲ್ ತೇವಾಂಶ ಮಾಪಕ ಇಟ್ಟುಕೊಳ್ಳಿ. ಜೆಲ್ ಬಣ್ಣ ಬದಲಾದ ಕೂಡಲೇ ಓವನ್‌ನಲ್ಲಿ ಸುಮಾರು 110–120 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ಬಳಸಬಹುದು. ಮುಂಬೈಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸ ಪದೇ ಪದೇ ಬರುತ್ತದೆ. ಬೇಸರ ಮಾಡಿಕೊಳ್ಳಬೇಡಿ.

ನಮ್ಮ ಮನೆಗಳಲ್ಲಿ ರೇಷ್ಮೆ ಸೀರೆಯ ಪೆಟ್ಟಿಗೆಗೆ ನುಸಿಗುಳಿಗೆ ಹಾಕುವ ರೂಢಿ ಇದೆ, ಅಲ್ವಾ? ಗೇಮ್‌ಗಳ ಹತ್ತಿರ ಅದು ಬರಲೇಬಾರದು. ನ್ಯಾಫ್ತಲೀನ್ ಆವಿ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ. ಹಳೆಯ ಪಿಎಸ್1 ಗೇಮ್‌ಗಳ ಗಾಜಿನಂಥ ಕೇಸ್ ಅದೇ ಪ್ಲಾಸ್ಟಿಕ್ಕಿನದು. ಪಿವಿಸಿ ಕವರ್‌ಗಳೂ ಬೇಡ, ಕಾಲ ಕಳೆದಂತೆ ಅಂಟಂಟಾಗುತ್ತವೆ. ಪಾಲಿಪ್ರೊಪಿಲೀನ್ ಅಥವಾ ಪಿಇಟಿ ಕವರ್ ಕೇಳಿ ಕೊಳ್ಳಿ.

ಕಪಾಟನ್ನು ಹೊರಗೋಡೆಗೆ ತಾಗಿಸಿ ನಿಲ್ಲಿಸಬೇಡಿ. ಮುಂಬೈ ಕಡೆಯ ಹಳೆಯ ಕಟ್ಟಡಗಳ ಹೊರಗೋಡೆ ನೀರು ಕುಡಿಯುತ್ತದೆ. ಕೆಳಗಿನ ಅರೆಯೂ ಬೇಡ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಬಿತ್ತು. ನೆಲಮಹಡಿಯ ಮನೆಗಳಲ್ಲಿ ಮೊದಲು ಹೋದದ್ದು ಕೆಳಗಿನ ಅರೆಯ ಸಾಮಾನೇ.

ಪ್ರಶ್ನೆ: ನಿಂಟೆಂಡೊ 64 ಎಂಬ ಹಳೆಯ ಗೇಮ್ ಯಂತ್ರದ ಸೀಲ್ಡ್ ಮಾರಿಯೋ ಗೇಮ್ ಒಬ್ಬರು ಕೊಡುತ್ತೇನೆ ಅಂತಿದ್ದಾರೆ. ಗ್ರೇಡಿಂಗ್ (ಕಂಪನಿಯೊಂದು ಪರೀಕ್ಷಿಸಿ ಅಂಕ ಕೊಡುವುದು) ಆಗಿಲ್ಲ. ಅರವತ್ತು ಸಾವಿರ ಕೇಳುತ್ತಿದ್ದಾರೆ. ರೀಸೀಲ್, ಅಂದರೆ ಬಿಚ್ಚಿ ಮತ್ತೆ ಹೊದಿಕೆ ಹಾಕಿದ್ದು, ಅಲ್ಲ ಅಂತ ತಿಳಿಯುವುದು ಹೇಗೆ? (ಕೋಥ್ರೂಡ್, ಪುಣೆ)

ಉತ್ತರ: ನೀವು ದುಡ್ಡು ಕೊಡುತ್ತಿರುವುದು ಆ ತೆಳು ಪ್ಲಾಸ್ಟಿಕ್ಕಿಗೆ. ಒಳಗಿನ ಕಾರ್ಟ್ರಿಜ್ (ಆಟ ತುಂಬಿದ ಪ್ಲಾಸ್ಟಿಕ್ ಡಬ್ಬಿ) ಬಿಡಿಯಾಗಿ ಇದರ ಸಣ್ಣ ಪಾಲಿಗೆ ಸಿಗುತ್ತದೆ. ಹಾಗಾಗಿ ಮೊದಲು ಪ್ಲಾಸ್ಟಿಕ್ಕನ್ನು ಓದಲು ಕಲಿಯಿರಿ.

ನಿಂಟೆಂಡೊ ಆ ಕಾಲದಲ್ಲಿ ಅಮೆರಿಕದ ರಟ್ಟಿನ ಪೆಟ್ಟಿಗೆಗಳಿಗೆ ಹಾಕುತ್ತಿದ್ದ ಹೊದಿಕೆಯಲ್ಲಿ ಬೆಸುಗೆ ಗೆರೆ ಪೆಟ್ಟಿಗೆಯ ಹಿಂಬದಿಯಲ್ಲಿ ಬರುತ್ತದೆ. ಸಂಗ್ರಾಹಕರು ಇದನ್ನು ಎಚ್-ಸೀಮ್ ಅನ್ನುತ್ತಾರೆ. ಅಂಗಡಿಗಳಲ್ಲಿರುವ ಸಾಮಾನ್ಯ ಎಲ್-ಸೀಲರ್ ಯಂತ್ರ ಬೇರೆ ಥರ. ಅದು ಮಡಿಸಿದ ಪ್ಲಾಸ್ಟಿಕ್ಕಿನ ನಡುವೆ ಪೆಟ್ಟಿಗೆ ಇಟ್ಟು ಮೂರು ಅಂಚು ಬೆಸೆಯುತ್ತದೆ. ಗೆರೆ ಪೆಟ್ಟಿಗೆಯ ಬದಿಗಳಲ್ಲೇ ಓಡುತ್ತದೆ. ನಿಂಟೆಂಡೊ 64ರ ಪೆಟ್ಟಿಗೆಯಲ್ಲಿ ಹಿಂದೆ ಗೆರೆಯಿಲ್ಲದೆ ಬದಿಯಲ್ಲಿ ಗೆರೆ ಕಂಡರೆ ಅಲ್ಲಿಗೆ ಮಾತು ನಿಲ್ಲಿಸಿ. ರೀಸೀಲ್ ಎಲ್ಲವೂ ಮೋಸದ ಉದ್ದೇಶದ್ದೇ ಆಗಿರಬೇಕಿಲ್ಲ. ಗ್ರಾಹಕರು ವಾಪಸ್ ಕೊಟ್ಟ ಸಾಮಾನನ್ನು ಅಮೆರಿಕದ ಅಂಗಡಿಗಳೇ ಮತ್ತೆ ಸುತ್ತಿ ಮಾರುತ್ತಿದ್ದವು. ಆದರೂ ಅದಕ್ಕೆ ಸೀಲ್ಡ್ ಬೆಲೆ ಕೊಡುವಂತಿಲ್ಲ.

ಡಿಸ್ಕ್ ಗೇಮ್‌ಗಳದ್ದು ಇನ್ನೊಂದು ಕ್ರಮ. ಪಿಎಸ್2, ಎಕ್ಸ್‌ಬಾಕ್ಸ್ ಕೇಸ್‌ಗಳ ಮೇಲೆ ಹೆಚ್ಚಾಗಿ ಮಡಿಸಿ ಅಂಟಿಸಿದ ಹೊದಿಕೆ ಇರುತ್ತದೆ. ಅಗರಬತ್ತಿ ಪೊಟ್ಟಣದ ತುದಿಯಲ್ಲಿ ಪ್ಲಾಸ್ಟಿಕ್ ಲಕೋಟೆಯಂತೆ ಮಡಿಸಿರುತ್ತದಲ್ಲ, ಹಾಗೆ. ಈ ವೈ-ಫೋಲ್ಡ್ ಎರಡೂ ತುದಿಯಲ್ಲಿ ಚೊಕ್ಕಟವಾಗಿ, ಒಂದೇ ಸಮನಾಗಿ ಕಾಣಬೇಕು. ಪ್ರಕಾಶಕರು, ದೇಶ, ವರ್ಷ ಬದಲಾದಂತೆ ಸೀಲ್ ಬದಲಾಗುತ್ತದೆ. ಅದೇ ಪ್ರಕಾಶಕರ ಅದೇ ಕಾಲದ ಇನ್ನೊಂದು ಪ್ರತಿಯ ಚಿತ್ರದ ಜೊತೆ ಹೋಲಿಸದೆ ತೀರ್ಮಾನ ಮಾಡಬೇಡಿ. ಜಪಾನಿನಲ್ಲಿ ಬಂದ ನಿಂಟೆಂಡೊದ ಹಳೆಯ ಯಂತ್ರ ಫ್ಯಾಮಿಕಾಮ್‌ನ ಗೇಮ್‌ಗಳು ಬಹುತೇಕ ಹೊದಿಕೆಯೇ ಇಲ್ಲದೆ ಮಾರಾಟವಾದವು. ‘ಸೀಲ್ಡ್ ಫ್ಯಾಮಿಕಾಮ್’ ಅಂತ ಯಾರಾದರೂ ತಂದರೆ ಅನುಮಾನದಿಂದಲೇ ಶುರು ಮಾಡಿ.

ಇನ್ನು ಹೊದಿಕೆಯ ಕೆಳಗೆ ನೋಡಿ. ರಟ್ಟಿನ ಮೂಲೆ ಸವೆದು ಬೆಳ್ಳಗಾಗಿದೆ, ಮೇಲಿನ ಪ್ಲಾಸ್ಟಿಕ್‌ನಲ್ಲಿ ಮಾತ್ರ ಒಂದು ಗೀರೂ ಇಲ್ಲ. ಇದು ಹೇಗೆ ಸಾಧ್ಯ? ಹಳೆಯ ಬೆಲೆ ಚೀಟಿಯ ಅಂಟು, ಕೂದಲು, ಬೆರಳ ಗುರುತು ಒಳಗೆ ಸಿಕ್ಕಿಕೊಂಡಿದ್ದರೂ ಅದೇ ಪ್ರಶ್ನೆ. ಆರೂ ಬದಿಯ ಫೋಟೋ ಕೇಳಿ. ಓರೆ ಬೆಳಕಿನಲ್ಲಿ ತಿರುಗಿಸಿ ತೆಗೆದ ವಿಡಿಯೋ ಕೇಳಿ. ಗ್ರಾಂ ಲೆಕ್ಕದಲ್ಲಿ ತೂಕವನ್ನೂ ಕೇಳಿ, ಖಾಲಿ ಪೆಟ್ಟಿಗೆ ಅಲ್ಲೇ ಸಿಕ್ಕಿಬೀಳುತ್ತದೆ. ಇಷ್ಟಕ್ಕೆಲ್ಲ ಒಪ್ಪದವರ ಹತ್ತಿರ ಅರವತ್ತು ಸಾವಿರ ಸುಮ್ನೆ ಯಾಕೆ ಹಾಕುತ್ತೀರಿ?

ಗ್ರೇಡಿಂಗ್ ಆಗಿದ್ದರೆ ಧೈರ್ಯ ಜಾಸ್ತಿ, ನಿಜ. ವಾಟಾ ಕಂಪನಿ ಗ್ರೇಡಿಂಗ್ ಮಾಡಿದ ಪ್ರತಿಗಳಲ್ಲಿ ಪೆಟ್ಟಿಗೆಗೆ 10ರವರೆಗೆ ಅಂಕ ಇರುತ್ತದೆ, ಸೀಲ್‌ಗೆ ಬೇರೆಯಾಗಿ ಎ++ವರೆಗೆ ದರ್ಜೆ ಇರುತ್ತದೆ. ಅವನ್ನು ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿರುತ್ತಾರೆ. ಇದನ್ನೇ ಸ್ಲ್ಯಾಬ್ ಅನ್ನುವುದು. ಆದರೆ ಇಂಥ ಮುಖ್ಯ ಕಂಪನಿಗಳು ಅಮೆರಿಕದಲ್ಲಿವೆ. ಇಲ್ಲಿಂದ ಕಳಿಸುವ ಖರ್ಚು, ವಿಮೆ, ವಾಪಸ್ ಬರುವಾಗ ಕಸ್ಟಮ್ಸ್ ಎಲ್ಲ ಸೇರಿದರೆ ಸಾಧಾರಣ ಬೆಲೆಯ ಗೇಮ್‌ಗೆ ಅದು ಹೊಂದುವುದಿಲ್ಲ.

ಪ್ರಶ್ನೆ: ಆಟ ಇರುವುದು ಆಡಲಿಕ್ಕೆ, ಬಿಚ್ಚದೆ ಇಟ್ಟರೆ ಅದು ಆಟವೇ ಅಲ್ಲ ಅಂತ ಮಗ ವಾದ ಮಾಡುತ್ತಾನೆ. ನನ್ನಲ್ಲಿ ಹಳೆಯ ಗೇಮ್ ಬಾಯ್ ಗೇಮ್‌ಗಳೂ ಸೀಲ್ಡ್ ಇವೆ. ಒಳಗೆ ಅವು ಸರಿಯಾಗಿಯೇ ಇರುತ್ತವೆಯೇ? (ವಾಸ್ಕೋ, ಗೋವಾ)

ಉತ್ತರ: ಮಗನ ಮಾತಿನಲ್ಲಿ ಸತ್ಯ ಇದೆ. ಅದಕ್ಕೆ ದಾರಿಯೂ ಇದೆ. ಅದೇ ಆಟದ ಬಳಸಿದ ಪ್ರತಿಯೊಂದನ್ನು ಅವನಿಗೆ ಕೊಡಿಸಿ. ಸೀಲ್ಡ್ ಪ್ರತಿಯ ಬೆಲೆಗೆ ಹೋಲಿಸಿದರೆ ಅದು ಅಗ್ಗ.

ಒಳಗಿನ ವಸ್ತು ಮಾತ್ರ ಹೊದಿಕೆ ಇದೆ ಅಂತ ವಯಸ್ಸಾಗದೆ ನಿಲ್ಲುವುದಿಲ್ಲ. ಆಟ ಉಳಿಸಿಕೊಳ್ಳುವ ಸೌಲಭ್ಯವಿದ್ದ ಅನೇಕ ಹಳೆಯ ಕಾರ್ಟ್ರಿಜ್‌ಗಳ ಒಳಗೆ ಗುಂಡಿಯಾಕಾರದ ಲಿಥಿಯಂ ಬ್ಯಾಟರಿ ಇರುತ್ತದೆ. ಗೇಮ್ ಬಾಯ್ ಕಲರ್‌ನ ಪೋಕೆಮಾನ್ ಗೋಲ್ಡ್, ಸಿಲ್ವರ್‌ನಲ್ಲಿ ಅದೇ ಬ್ಯಾಟರಿ ಗಡಿಯಾರವನ್ನೂ ನಡೆಸುತ್ತದೆ. ಹಾಗಾಗಿ ಬೇಗ ಖಾಲಿಯಾಗುತ್ತದೆ. ನಿಮ್ಮ ಸೀಲ್ಡ್ ಪ್ರತಿಗಳಲ್ಲಿ ಇಷ್ಟರಲ್ಲಿ ಅದು ಸತ್ತಿರುವ ಸಾಧ್ಯತೆಯೇ ಹೆಚ್ಚು. ಆಟ ನಡೆಯುತ್ತದೆ, ಉಳಿಸಿಕೊಳ್ಳಲು ಆಗುವುದಿಲ್ಲ. ಡಿಸ್ಕ್‌ಗಳಲ್ಲಿ ಮೇಲಿನ ಲೇಪ ಸರಿಯಿಲ್ಲದಿದ್ದರೆ ಅಲ್ಯೂಮಿನಿಯಂ ಪದರ ಗಾಳಿಗೆ ಕೆಡುತ್ತದೆ. ಬಿಚ್ಚುವವರೆಗೂ ಇದು ಗೊತ್ತಾಗುವುದಿಲ್ಲ.

ಹೊಸ ಗೇಮ್‌ಗಳ ಕಥೆ ನನಗೆ ಇನ್ನೂ ಬೇಸರ ತರಿಸುತ್ತದೆ. 2014ರಲ್ಲಿ ಬಂದ ‘ದಿ ಕ್ರೂ’ ಎಂಬ ಕಾರ್ ರೇಸಿನ ಆಟಕ್ಕೆ ಸದಾ ಸರ್ವರ್ ಸಂಪರ್ಕ ಬೇಕಿತ್ತು. 2024ರ ಮಾರ್ಚ್ 31ಕ್ಕೆ ಅದರ ಪ್ರಕಾಶಕ ಕಂಪನಿ ಯೂಬಿಸಾಫ್ಟ್ ಸರ್ವರ್ ನಿಲ್ಲಿಸಿತು. ಅಲ್ಲಿಂದ ಅದರ ಸೀಲ್ಡ್ ಪ್ರತಿ ಬಿಚ್ಚಿ ಡಿಸ್ಕ್ ಹಾಕಿದರೂ ಹಾಗೇ ಆಡಲು ಬರುವುದಿಲ್ಲ. ಪೆಟ್ಟಿಗೆಯೊಳಗೆ ಡಿಸ್ಕ್ ಬದಲು ಡೌನ್‌ಲೋಡ್ ಕೋಡ್ ಚೀಟಿ ಮಾತ್ರ ಇರುವ ಗೇಮ್‌ಗಳೂ ಬರುತ್ತಿವೆ. ಅವನ್ನು ಸೀಲ್ಡ್ ಸಂಗ್ರಹಕ್ಕೆ ಕೊಳ್ಳಬೇಡಿ ಅನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ.

ಪ್ರಶ್ನೆ: ಸೀಲ್ಡ್ ಗೇಮ್ ಕೋಟಿಗಟ್ಟಲೆಗೆ ಹೋಯಿತು ಅಂತ ಓದಿದ್ದೇನೆ. ಫಿಕ್ಸೆಡ್ ಡಿಪಾಸಿಟ್ ಮುರಿದು ಇದರಲ್ಲಿ ಹಾಕಬಹುದೇ? (ಮಾತುಂಗಾ)

ಉತ್ತರ: ಬೇಡ.

ನೀವು ಓದಿದ್ದು ಸುಳ್ಳಲ್ಲ. 2020ರ ಜುಲೈಯಲ್ಲಿ ಒಂದು ಸೀಲ್ಡ್ ‘ಸೂಪರ್ ಮಾರಿಯೋ ಬ್ರದರ್ಸ್’ 1,14,000 ಡಾಲರ್‌ಗೆ ಹೋಯಿತು. 2021ರ ಏಪ್ರಿಲ್‌ನಲ್ಲಿ ಅದೇ ಆಟದ ಇನ್ನೊಂದು ಪ್ರತಿ 6,60,000 ಡಾಲರ್ ತಂದಿತು. 1986ರಲ್ಲಿ ಕ್ರಿಸ್‌ಮಸ್ ಉಡುಗೊರೆಗೆಂದು ಕೊಂಡು, ಮೇಜಿನ ಡ್ರಾಯರ್‌ನಲ್ಲಿ ಮರೆತೇಹೋಗಿದ್ದ ಪ್ರತಿ ಅದು. ಅದೇ ವರ್ಷ ಜುಲೈಯಲ್ಲಿ ‘ಲೆಜೆಂಡ್ ಆಫ್ ಝೆಲ್ಡಾ’ 8,70,000 ಡಾಲರ್ ಮುಟ್ಟಿತು. ಎರಡು ದಿನ ಕಳೆದು ‘ಸೂಪರ್ ಮಾರಿಯೋ 64’ 15,60,000 ಡಾಲರ್ ಮುಟ್ಟಿತು.

ಈ ಕೊನೆಯದನ್ನು ಸ್ವಲ್ಪ ಯೋಚಿಸಿ. ‘ಮಾರಿಯೋ 64’ ಜಗತ್ತಿನಾದ್ಯಂತ ಸುಮಾರು 1 ಕೋಟಿ 19 ಲಕ್ಷ ಪ್ರತಿ ಮಾರಾಟವಾದ ಆಟ. ಅದು ಅಪರೂಪದ್ದೇ ಅಲ್ಲ. 9.8 ಅಂಕದ ಪೆಟ್ಟಿಗೆ, ಎ++ ಸೀಲ್, ಆ ಸ್ಥಿತಿ ಮಾತ್ರ ಅಪರೂಪ. ಸೀಲ್ಡ್ ಪ್ರತಿ ಒಟ್ಟು ಎಷ್ಟು ಉಳಿದಿವೆ ಅಂತ ಲೆಕ್ಕ ಇಟ್ಟವರಿಲ್ಲ. ನಾಳೆ ಯಾವುದೋ ಗೋದಾಮಿನಲ್ಲಿ ಒಂದು ಪೆಟ್ಟಿಗೆ ತುಂಬ ಸಿಕ್ಕರೆ ಬೆಲೆ ಕುಸಿಯುತ್ತದೆ. 2021ರ ಆ ಅಬ್ಬರವೂ ಮುಂದೆ ಉಳಿಯಲಿಲ್ಲ. ಆಗ ಮೇಲಿನ ಬೆಲೆಗೆ ಕೊಂಡ ಅನೇಕರು ಮಾರಲು ಹೋದಾಗ ನಷ್ಟ ಕಂಡರು. ಬೆಲೆ ಅರ್ಧಕ್ಕೆ ಇಳಿದರೂ ಕಪಾಟಿನಲ್ಲಿ ನೋಡಿ ಖುಷಿ ಆಗುವಂಥದ್ದನ್ನು ಮಾತ್ರ, ಸಂಬಳದಲ್ಲಿ ಉಳಿದ ದುಡ್ಡಿನಿಂದ ಕೊಳ್ಳಿ.

ಪ್ರಶ್ನೆ: ಅಮೆರಿಕದ ಗೇಮ್‌ಗಳು ನನ್ನ ಕೈಗೆ ಎಟುಕುವುದಿಲ್ಲ. ಇಲ್ಲೇ ಸಿಗುವ, ಸಂಗ್ರಹಿಸಲು ಯೋಗ್ಯವಾದದ್ದು ಇದೆಯೇ? (ಥಾಣೆ)

ಉತ್ತರ: ಇದೆ. ಈ ಪ್ರಶ್ನೆ ಬಂದದ್ದಕ್ಕೆ ನನಗೆ ತುಂಬ ಖುಷಿಯಾಯಿತು.

2009ರಲ್ಲಿ ಪಿಎಸ್2ಗೆ ‘ಹನುಮಾನ್: ಬಾಯ್ ವಾರಿಯರ್’ ಬಂತು. ಹೈದರಾಬಾದಿನ ಸ್ಟುಡಿಯೋ ಮಾಡಿದ್ದು, ಪೂರ್ತಿ ಭಾರತದಲ್ಲೇ ತಯಾರಾದ ಮೊದಲ ಪ್ಲೇಸ್ಟೇಷನ್ ಗೇಮ್ ಅಂತ ಹೆಸರಾಯಿತು. ಅದೇ ವರ್ಷ ‘ದೇಸಿ ಅಡ್ಡಾ’ ಬಂತು. ಕಬಡ್ಡಿ, ಚಿನ್ನಿದಾಂಡು ಎಲ್ಲ ಇದ್ದ ಆಟ ಅದು. ಹಾಡಿ ಆಡುವ ‘ಸಿಂಗ್‌ಸ್ಟಾರ್ ಬಾಲಿವುಡ್’ ಕೂಡ ಇದೇ ಪಿಎಸ್2 ಕಾಲದ್ದು. ಜಗತ್ತಿನ ಬೇರೆಡೆ ಪಿಎಸ್3 ಬಂದು ವರ್ಷಗಳಾಗಿದ್ದರೂ ನಮ್ಮಲ್ಲಿ ಪಿಎಸ್2 ಇನ್ನೂ ಜೋರಾಗಿ ನಡೆಯುತ್ತಿದ್ದ ಕಾಲ. ಆಗ ಮುಂಬೈಯ ಲ್ಯಾಮಿಂಗ್ಟನ್ ರೋಡಿನಂಥ ಎಲೆಕ್ಟ್ರಾನಿಕ್ಸ್ ಪೇಟೆಗಳಲ್ಲಿ ನಕಲಿ ಡಿಸ್ಕ್ ಬಿಡಿಗಾಸಿಗೆ ಸಿಗುತ್ತಿತ್ತು. ಒರಿಜಿನಲ್ ಕೊಂಡವರು ಕಡಿಮೆ, ಕೊಂಡು ಬಿಚ್ಚದೆ ಇಟ್ಟವರು ಇನ್ನೂ ಕಡಿಮೆ. ಇವುಗಳನ್ನು ಯಾರೂ ಸರಿಯಾಗಿ ದಾಖಲಿಸಿಲ್ಲ. ಹಾಗಾಗಿ ಇಲ್ಲಿ ಹೊಸಬರಿಗೂ ಜಾಗ ಇದೆ.

ಮುಚ್ಚುತ್ತಿರುವ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಹಳೆಯ ದಾಸ್ತಾನು ವಿಚಾರಿಸಿ. ಪುಣೆಯ ಎಲೆಕ್ಟ್ರಾನಿಕ್ಸ್ ಪೇಟೆಯಾದ ತಪಕೀರ್ ಗಲ್ಲಿ ಕಡೆಯೂ ಒಂದು ಸುತ್ತು ಹಾಕಿ. ಸಿಕ್ಕರೆ ಹೊದಿಕೆಯ ಮೇಲಿನ ಎಂಆರ್‌ಪಿ ಚೀಟಿ ಕೀಳಬೇಡಿ. ಬೆಲೆ, ಆಮದು ಮಾಡಿದವರ ಹೆಸರು, ಆಮದಾದ ತಿಂಗಳು ಮತ್ತು ವರ್ಷ ಅದರ ಮೇಲೆ ಇರುತ್ತದೆ. ಆ ಪ್ರತಿ ಭಾರತದ ಅಂಗಡಿಗೆ ಬಂದದ್ದು ಅನ್ನುವುದಕ್ಕೆ ಅದೇ ಸಾಕ್ಷಿ. ಕೀಳಲು ಹೋದರೆ ಪ್ಲಾಸ್ಟಿಕ್ಕೂ ಹರಿಯುತ್ತದೆ. ಮನೆಗೆ ತಂದ ದಿನವೇ ಆರೂ ಬದಿಯ ಫೋಟೋ ತೆಗೆದು, ಎಲ್ಲಿ ಯಾವಾಗ ಎಷ್ಟಕ್ಕೆ ಕೊಂಡಿರಿ ಅಂತ ಬರೆದು, ಬಿಲ್ ಜೊತೆಗೆ ಇಡಿ.