ನೆನೆದ ಪುಸ್ತಕ ರದ್ದಿಯಲ್ಲ

ಗಂಗಾವತಿ ಕಡೆಯ ನಿವೃತ್ತ ಶಿಕ್ಷಕರೊಬ್ಬರ ಪತ್ರ: "ಮೊನ್ನೆ ಮಳೆಗೆ ಹಳ್ಳದ ನೀರು ನಮ್ಮೂರ ಲೈಬ್ರರಿಗೆ ನುಗ್ಗಿತು. ಸುಮಾರು 300 ಪುಸ್ತಕ ನೆನೆದಿವೆ. ದೊಡ್ಡಾಟದ ಹಳೆಯ ಕೈಬರಹದ ನಾಲ್ಕು ನೋಟ್‌ಬುಕ್ಕೂ ಅದರಲ್ಲಿವೆ. ಚೀಲಕ್ಕೆ ತುಂಬಿಟ್ಟಿದ್ದೇವೆ. ರದ್ದಿಗೆ ಹಾಕೋಣ ಅಂತ ಎಲ್ಲರ ಮಾತು. ಎಲ್ಲವೂ ಮೊಬೈಲ್‌ನಲ್ಲಿ ಸಿಗುವಾಗ ಇದಕ್ಕೆ ಒದ್ದಾಡಬೇಕೆ?"

ಮಾಸ್ತರರೇ, ಒದ್ದಾಡಲೇಬೇಕು. ಪತ್ರ ಸಿಕ್ಕ ದಿನವೇ ಫೋನ್ ಮಾಡಿ "ಮೊದಲು ಚೀಲ ಬಿಚ್ಚಿ" ಅಂದಿದ್ದೆ. ಬೇರೆ ಊರಿನವರಿಗೂ ತಿಳಿಯಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊಬೈಲ್ ವಿಷಯ ಒಪ್ಪುತ್ತೇನೆ. ಅಂಗಡಿಯಲ್ಲಿ ಇವತ್ತೂ ಸಿಗುವ ಕಾದಂಬರಿ ಹೋದರೆ ಹೋಗಲಿ, ಇನ್ನೊಂದು ತರಬಹುದು. ಸ್ಕ್ಯಾನ್ ಮಾಡಿಡುವುದೂ ಒಳ್ಳೆಯದೇ. ಆದರೆ ಆ ನಾಲ್ಕು ನೋಟ್‌ಬುಕ್ ಯಾವ ಮೊಬೈಲ್‌ನಲ್ಲಿವೆ, ಹೇಳಿ? ಯಾರು ಯಾವ ಪಾತ್ರ ಕಟ್ಟಿದರು, ಯಾವ ಮಾತು ಬಿಟ್ಟು ಯಾವುದು ಸೇರಿಸಿದರು, ಎಲ್ಲ ಅದರ ಅಂಚಿನಲ್ಲೇ ಇರುತ್ತದೆ, ಅಲ್ವಾ? ಅದು ರದ್ದಿಯವನ ತಕ್ಕಡಿಗೆ ಹೋದರೆ ಮುಗಿಯಿತು.

ನೀವು ಭತ್ತದ ಸೀಮೆಯವರು. ಕೊಯ್ದ ಭತ್ತ ಮಳೆಗೆ ಸಿಕ್ಕರೆ ಯಾರಾದರೂ ಚೀಲ ಕಟ್ಟಿ ಮೂಲೆಗಿಡುತ್ತಾರಾ? ಕಾವು ಹಿಡಿದು ಮೊಳಕೆ ಒಡೆಯುತ್ತದೆ. ಪುಸ್ತಕವೂ ಹಾಗೇ. ನೆನೆದ 48 ಗಂಟೆಯಲ್ಲಿ ಬೂಸ್ಟು ಶುರುವಾಗಬಹುದು. ಹಾಗಂತ ಬಿಸಿಲಿಗೂ ಹಾಕಬೇಡಿ. ಆ ತಪ್ಪು ನಾನೇ ಮಾಡಿದ್ದೇನೆ.

2009ರ ಅಕ್ಟೋಬರ್‌ನ ಆ ನೆರೆ ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯವರು ಮರೆಯುವಂಥದ್ದಲ್ಲ. ಆಗ ಒಂದು ಶಾಲೆಯ ಪುಸ್ತಕಗಳನ್ನು ನಾವು ನಾಲ್ಕೈದು ಜನ ಮಾಳಿಗೆ ಮೇಲೆ ಹರವಿದೆವು. ಸಂಜೆಗೆ ರಟ್ಟುಗಳು ಹಪ್ಪಳದ ಹಾಗೆ ಸುರುಳಿ ಸುತ್ತಿದ್ದವು. ನುಣುಪು ಕಾಗದದ ಒಂದು ಅಟ್ಲಾಸ್ ಇಟ್ಟಿಗೆಯಾಗಿತ್ತು. ಚಾಕು ಹಾಕಿ ಬಿಡಿಸಿದೆ. ಕರ್ನಾಟಕದ ನಕ್ಷೆ ಎದುರು ಪುಟಕ್ಕೆ ಅಂಟಿಕೊಂಡು ಕಿತ್ತು ಬಂತು. ಆ ಪುಟ ಇನ್ನೂ ನನ್ನ ಮೇಜಿನ ಡ್ರಾಯರ್‌ನಲ್ಲಿದೆ. ಅಂಥ ಕಾಗದ ಹಸಿಯಿರುವಾಗಲೇ ಹಾಳೆಗಳನ್ನು ಬಿಡಿಸಬೇಕು. ಆಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಐಸ್‌ಕ್ರೀಮ್ ಅಂಗಡಿಯ ಡೀಪ್ ಫ್ರೀಜರ್‌ನಲ್ಲಿ ಇಡಿಸಿ. ಹೆಪ್ಪುಗಟ್ಟಿದ ಪುಸ್ತಕಕ್ಕೆ ಬೂಸ್ಟು ಬೆಳೆಯುವುದಿಲ್ಲ, ನಿಮಗೂ ಟೈಮ್ ಸಿಗುತ್ತದೆ.

ಉಳಿದವನ್ನು ನೆರಳಿನಲ್ಲಿ, ಫ್ಯಾನ್ ಕೆಳಗೆ, ಬೀಸಣಿಗೆಯಂತೆ ಸ್ವಲ್ಪ ಬಿಡಿಸಿ ನಿಲ್ಲಿಸಿ. ನಡುನಡುವೆ ಅಚ್ಚಾಗದ ಖಾಲಿ ಕಾಗದ ಇಟ್ಟು, ಒದ್ದೆಯಾದಂತೆ ಬದಲಿಸುತ್ತಿರಿ. ನೋಟ್‌ಬುಕ್ಕಿನ ಕೆಸರು ತೊಳೆಯಲು ಹೋಗಬೇಡಿ. ಪೆನ್ಸಿಲ್ ಬರಹ ನೀರಿಗೆ ಜಗ್ಗುವುದಿಲ್ಲ, ಮಸಿ ಹರಡುತ್ತದೆ. ಬೂಸ್ಟು ಹಿಡಿದಿದ್ದನ್ನು ಬೇರೆ ಇಡಿ, ಮುಟ್ಟುವಾಗ ಮಾಸ್ಕ್ ಇರಲಿ.

1966ರ ನವೆಂಬರ್ 4ರಂದು ಇಟಲಿಯ ಫ್ಲಾರೆನ್ಸ್‌ನಲ್ಲಿ ಆರ್ನೊ ನದಿ ಉಕ್ಕಿ ರಾಷ್ಟ್ರೀಯ ಗ್ರಂಥಾಲಯಕ್ಕೆ ಕೆಸರು ತುಂಬಿತು. ಎಲ್ಲೆಲ್ಲಿಂದಲೋ ಬಂದ ಹುಡುಗ ಹುಡುಗಿಯರು ಸಾಲಾಗಿ ನಿಂತು ಕೈಯಿಂದ ಕೈಗೆ ಪುಸ್ತಕ ದಾಟಿಸಿದರು. ಅವರನ್ನು ಅಲ್ಲಿ ಈಗಲೂ ಕೆಸರಿನ ದೇವತೆಗಳು ಅನ್ನುತ್ತಾರೆ. ಒಣಗಿಸಲು ಜಾಗ ಸಾಲದೆ ತಂಬಾಕು ಒಣಗಿಸುವ ಗೂಡುಗಳನ್ನೂ ಬಳಸಿದರು! 1988ರಲ್ಲಿ ಲೆನಿನ್‌ಗ್ರಾಡ್‌ನ ವಿಜ್ಞಾನ ಅಕಾಡೆಮಿ ಲೈಬ್ರರಿಗೆ ಬೆಂಕಿ ಬಿತ್ತು. ಆರಿಸಲು ಸುರಿದ ನೀರಿಗೆ ಸುಟ್ಟದ್ದಕ್ಕಿಂತ ಎಷ್ಟೋ ಪಾಲು ಜಾಸ್ತಿ ಪುಸ್ತಕ ನೆನೆದವು. ಊರಿನ ಜನ ಅವನ್ನು ಮನೆಗೆ ಒಯ್ದು, ಒಣಗಿಸಿ, ತಂದುಕೊಟ್ಟರು. ನಿಮ್ಮೂರಲ್ಲಿ ಮನೆಗೆ ಎರಡರಂತೆ ಹಂಚಿದರೆ 300 ಪುಸ್ತಕ ಎಷ್ಟರ ಲೆಕ್ಕ?

ನನ್ನ ಸಿಟ್ಟು ನಿಮ್ಮ ಮೇಲಲ್ಲ. ಮನೆ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಕಟ್ಟಿಸಿಕೊಳ್ಳುತ್ತಾರೆ. ಆದರೂ ಎಷ್ಟೋ ಲೈಬ್ರರಿಗಳಲ್ಲಿ ಕೆಳಗಿನ ರ‍್ಯಾಕ್ ನೆಲಕ್ಕೇ ತಾಗಿರುತ್ತದೆ. ನಾಲ್ಕು ಇಟ್ಟಿಗೆ ಕೊಟ್ಟರೆ ಮೇಲೇಳುತ್ತಿತ್ತು. ಒಂದು ತಾಡಪಾಲು ಇರುವುದಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ತುಂಡಾದಾಗ ಹೊಳೆದಂಡೆಯ ಊರುಗಳಿಗೆ ಎಚ್ಚರಿಕೆ ಹೋಯಿತು. ಜನ, ದನಕರು ಮೊದಲು, ಅದು ಸರಿ. ಆಮೇಲಾದರೂ "ದಫ್ತರ ಮೇಲೆತ್ತಿಡಿ, ಪುಸ್ತಕ ಮೇಲೆತ್ತಿಡಿ" ಅಂದ ಒಂದು ದನಿ ನನ್ನ ಕಿವಿಗೆ ಬೀಳಲಿಲ್ಲ. ಮಸ್ಕಿಯ ಬಂಡೆಯಲ್ಲಿ ಅಶೋಕನ ಹೆಸರು ಉಳಿದಿದೆ ಅಂತ ಭಾಷಣದಲ್ಲಿ ಹೆಮ್ಮೆಪಡುತ್ತೇವೆ. ಕಲ್ಲು ತನ್ನಷ್ಟಕ್ಕೆ ಉಳಿಯಿತು. ಕಾಗದಕ್ಕೆ ನಮ್ಮ ಕೈ ಬೇಕು.

ನಮ್ಮ ಪ್ರೆಸ್ಸಿನಲ್ಲಿ ಉಳಿದ ಖಾಲಿ ನ್ಯೂಸ್‌ಪ್ರಿಂಟ್‌ನ ಎರಡು ಬಂಡಲ್ ಗಂಗಾವತಿ ಬಸ್ಸಿಗೆ ಹಾಕಿದ್ದೇವೆ. ನೋಟ್‌ಬುಕ್ ಒಣಗಿದ ಮೇಲೆ ಪುಟಪುಟದ ಫೋಟೊ ತೆಗೆದು ಕಳಿಸಿ, ಮಾಸ್ತರರೇ. ಯಾವ ಪ್ರಸಂಗ, ಯಾರ ಕೈಬರಹ ಅಂತಲೂ ಬರೆಯಿರಿ.